ಒಂದು ಲಕ್ಷದ ಎಂಬತ್ತು ಸಾವಿರ ಪೈಕೋಗ್ರೇ

ಗೌರೀಶಂಕರನ ಮನೆಯ ಮುಂದಿನ ಕಲ್ಲುಬೆಂಚನ್ನು ಹಾಕಿಸಿದವನು ಗೌರೀಶಂಕರನೇ. ಹಾಗಾಗಿ ಅದರ ವಿಷಯದಲ್ಲಿ ಅವನು ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ.

ಶ್ರೀನಗರದ ಆ ಮನೆಯ ಅಡುಗೆ ಕಟ್ಟೆಗೆ ಗ್ರಾನೈಟ್ ಹಾಕಿಸಿದಾಗ ಆಳುದ್ದದ ಒಂದು ಚಪ್ಪಡಿ ಉಳಿದಿತ್ತು. ಬಿಸಾಕಲು ಮನಸ್ಸು ಬರದೆ, ಗೇಟಿನ ಹೊರಗೆ ರಸ್ತೆಬದಿಯ ಹೊಂಗೆ ಮರದ ಕೆಳಗೆ ಎರಡು ಸೈಜುಗಲ್ಲಿನ ಮೇಲೆ ಅದನ್ನು ಕೂರಿಸಿಬಿಟ್ಟ. ಸಂಜೆ ಆಫೀಸಿನಿಂದ ಬಂದ ಮೇಲೆ ತಾನೂ ಹೆಂಡತಿ ಶಾಂತಾದೇವಿಯೂ ಅಲ್ಲಿ ಕೂತು ಕಾಫಿ ಕುಡಿಯಬಹುದು ಎಂಬುದು ಅವನ ಲೆಕ್ಕಾಚಾರ. ಅವನು ಆ ಬೆಂಚಿನ ಮೇಲೆ ಕೂತದ್ದು ಒಂದೇ ಸಲ, ಅದು ಅಲ್ಲಾಡುತ್ತದೋ ಇಲ್ಲವೋ ಎಂದು ನೋಡಲು.

ಮಾರನೆಯ ದಿನದಿಂದ ಬೆಂಚು ರಸ್ತೆಯ ಹಿರಿಯರ ಪಾಲಾಯಿತು. ಮೊದಲನೆಯವರು ರೇವಣಸಿದ್ದಪ್ಪನವರು, ನಿವೃತ್ತ ಪಿ.ಟಿ. ಮೇಷ್ಟರು. ಮೈದಾನದ ಆ ತುದಿಯಲ್ಲಿ ಕಬಡ್ಡಿ ಆಡುವ ಹುಡುಗನಿಗೆ ಈ ತುದಿಯಿಂದ ಬುದ್ಧಿ ಹೇಳಿ ಹೇಳಿ ಅವರ ಗಂಟಲು ಆ ಮಟ್ಟದಲ್ಲೇ ನಿಂತುಹೋಗಿತ್ತು. ಎರಡನೆಯವರು ಬ್ಯಾಂಕಿನಿಂದ ನಿವೃತ್ತರಾದ ಸೇತುರಾಮ್. ಇವರಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಮೇಷ್ಟರು ಇನ್ನೊಂದು ಮೆಟ್ಟಿಲು ಏರಿಸಿ ಮಾತಾಡಬೇಕಾಗುತ್ತಿತ್ತು. ಮೂರನೆಯವರು ಎದುರುಮನೆಯ ನಾಗಲಕ್ಷ್ಮಮ್ಮ. ಪೂಜೆಗೆ ಹೂವು ಕೀಳಲು ಬುಟ್ಟಿ ಹಿಡಿದು ಹೊರಡುವರು, ಬೆಂಚಿನ ತನಕ ಬಂದು ಅಲ್ಲೇ ನಿಲ್ಲುವರು. ಬೆಳಗ್ಗೆ ಐದೂವರೆಗೆ ಮೂವರೂ ಹಾಜರ್. ಬೆಂಚಿಗೂ ಗೌರೀಶಂಕರನ ದಿಂಬಿಗೂ ನಡುವೆ ಇದ್ದದ್ದು ಒಂದು ಗೋಡೆ, ಅದರಲ್ಲೊಂದು ಕಿಟಕಿ.

ಏಳಿ ಎಂದು ಹೇಳುವಂತಿಲ್ಲ. ರೇವಣಸಿದ್ದಪ್ಪನವರು ಶಾಂತಾದೇವಿಗೆ ವರಸೆಯಲ್ಲಿ ದೊಡ್ಡಪ್ಪ.

ಆ ಶನಿವಾರ ಗೌರೀಶಂಕರನಿಗೆ ರಜೆ. ವಾರವಿಡೀ ನಿದ್ದೆಗೆಟ್ಟವನು ಅಂದು ಎಂಟರವರೆಗೆ ಮಲಗಬೇಕೆಂದು ನಿಶ್ಚಯ ಮಾಡಿಕೊಂಡಿದ್ದ. ಹೊರಗೆ ಇನ್ನೂ ಮಬ್ಬುಗತ್ತಲು.

"ನಿನ್ನೆ ಎಷ್ಟಿತ್ತು ಸೇತುರಾಮ್?"

"ಏನು?"

"ಶುಗರ್ ರೀ, ಶುಗರ್."

"ನೂರ ನಲವತ್ತು."

"ಖಾಲಿ ಹೊಟ್ಟೇಲೋ, ಊಟ ಆದ್ಮೇಲೋ?"

"ಏನು?"

"ಸ್ವಲ್ಪ ಮೆತ್ತಗೆ ಮಾತಾಡಿ," ಎಂದರು ನಾಗಲಕ್ಷ್ಮಮ್ಮ. "ಗೌರೀಶಂಕರ ಮಲಗಿದಾನೆ."

"ಇನ್ನೂ ಮಲಗಿದಾನಾ?" ಎಂದು ರೇವಣಸಿದ್ದಪ್ಪನವರು ಇಡೀ ರಸ್ತೆಯನ್ನು ವಿಚಾರಿಸಿದರು.

ಗೌರೀಶಂಕರ ಎದ್ದು ಕೂತ. ಮಂಚದ ಪಕ್ಕದ ಮೇಜಿನ ಮೇಲೆ ಹಳದಿ ಬಣ್ಣದ ಒಂದು ಯಂತ್ರ ಕಣ್ಣಿಗೆ ಬಿತ್ತು.

ಅವನು ಕೆಲಸಕ್ಕಿದ್ದದ್ದು ಜಯನಗರದ ಒಂದು ಸಣ್ಣ ಕಂಪನಿಯಲ್ಲಿ. ಎಕ್ಸ್‌ರೇ ಕೋಣೆಗೆ ಬೇಕಾದ ಸೀಸದ ಏಪ್ರನ್ನು, ವಿಕಿರಣ ಅಳೆಯುವ ಮೀಟರು ಇವನ್ನೆಲ್ಲ ಆಸ್ಪತ್ರೆಗಳಿಗೆ ಪೂರೈಸುವುದು ಅವರ ವ್ಯಾಪಾರ. ಹಳೆಯ ಡಾಕ್ಟರುಗಳು ವಿಕಿರಣದ ಅಳತೆಯನ್ನು ರ‍್ಯಾಡ್‌ನಲ್ಲಿ ಕೇಳುತ್ತಿದ್ದರು, ಹೊಸಬರು ಗ್ರೇಯಲ್ಲಿ. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಬದಲಾಯಿಸಿ ಹೇಳುವುದೇ ಗೌರೀಶಂಕರನ ಅರ್ಧ ಕೆಲಸ. ಗಂಟೆಗೆ ಇಷ್ಟು ಗ್ರೇ ಎಂದರೆ ಗಂಟೆಗೆ ಎಷ್ಟು ರ‍್ಯಾಡ್, ಮಿಲಿ ಎಷ್ಟು, ಮೈಕ್ರೋ ಎಷ್ಟು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲ. ಸೋಮವಾರ ಜೆ.ಪಿ. ನಗರದ ಒಂದು ಆಸ್ಪತ್ರೆಯಲ್ಲಿ ಹೊಸ ಮೀಟರನ್ನು ತೋರಿಸಬೇಕಿತ್ತು. ಗುಂಡಿಗಳ ಅಭ್ಯಾಸವಾಗಲಿ ಎಂದು ಅದನ್ನು ಮನೆಗೆ ತಂದಿದ್ದ.

ಲುಂಗಿ ಸರಿಮಾಡಿಕೊಂಡು, ಮೀಟರ್ ಹಿಡಿದು, ಅವನು ಗೇಟು ತೆರೆದ.

"ಬನ್ನಿ ಅಳಿಯಂದ್ರೇ," ಎಂದರು ರೇವಣಸಿದ್ದಪ್ಪನವರು. "ಏನದು, ಶುಗರ್ ಮಿಷಿನ್ನಾ?"

"ಅಲ್ಲ ಮಾವ. ರೇಡಿಯೇಶನ್ ಅಳೆಯೋದು. ಸ್ವಲ್ಪ ಆ ಕಡೆ ಸರೀರಿ, ಕಲ್ಲಿನ ಮೇಲೆ ಇಟ್ಟು ನೋಡ್ತೀನಿ."

ಮೀಟರ್ ಕಲ್ಲಿನ ಮೇಲೆ ಕೂತು ಟಿಕ್ ಟಿಕ್ ಎಂದು ಸದ್ದು ಮಾಡಿತು. ಪರದೆಯ ಮೇಲೆ ಅಂಕಿ ನಿಂತಿತು. ಯಾವ ಗ್ರಾನೈಟ್ ಕಲ್ಲಿನ ಮೇಲಿಟ್ಟರೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಸಾವಿನ ಮನೆಗೆ ಬಂದವನಂತೆ ಮುಖ ಮಾಡಿಕೊಂಡ.

"ಸೊನ್ನೆ ಪಾಯಿಂಟ್ ಒಂದು ಎಂಟು. ಮೈಕ್ರೋಗ್ರೇ. ಗಂಟೆಗೆ."

ಯಾರೂ ಮಿಸುಕಲಿಲ್ಲ. "ಸೊನ್ನೆ ಪಾಯಿಂಟ್ ಅಂದ್ರೆ ಏನೂ ಇಲ್ಲ ಅಂತ ತಾನೆ," ಎಂದರು ಸೇತುರಾಮ್. "ನಮ್ ಬ್ರಾಂಚಲ್ಲಿ ಅಂಥದ್ದನ್ನೆಲ್ಲ ರೌಂಡಾಫ್ ಮಾಡಿ ಬಿಸಾಕ್ತಿದ್ವಿ."

ಗೌರೀಶಂಕರ ಪಕ್ಕದ ಗುಂಡಿ ಒತ್ತಿದ. "ಹದಿನೆಂಟು."

"ಈಗ ತಾನೆ ಸೊನ್ನೆ ಅಂದ್ರಿ."

"ಇದು ಹಳೇ ಲೆಕ್ಕ ಸಾರ್. ಒಂದು ಗ್ರೇಗೆ ನೂರು ರ‍್ಯಾಡ್. ಇದು ಮೈಕ್ರೋರ‍್ಯಾಡ್."

ಮತ್ತೆ ಗುಂಡಿ ಒತ್ತಿದ. "ನ್ಯಾನೋಗ್ರೇಲಿ ನೂರ ಎಂಬತ್ತು."

ಸೇತುರಾಮ್ ನೆಟ್ಟಗಾದರು. ನೂರ ಎಂಬತ್ತು ಎಂಬುದು ಅವರ ಮಟ್ಟಿಗೆ ಕೆಟ್ಟ ಸಂಖ್ಯೆ. "ಖಾಲಿ ಹೊಟ್ಟೇಲಾ?" ಎಂದರು ತಮಗರಿವಿಲ್ಲದೆ.

ಮೀಟರಿನಲ್ಲಿ ಅಳತೆಯ ಮಾನಗಳು ಮುಗಿದವು. ಗೌರೀಶಂಕರನ ಬಳಿ ಮುಗಿದಿರಲಿಲ್ಲ. "ಇನ್ನೂ ಸೂಕ್ಷ್ಮವಾಗಿ ಹೇಳ್ಬೇಕು ಅಂದ್ರೆ," ಎಂದು ಅವನು ದನಿ ತಗ್ಗಿಸಿದ, "ಒಂದು ಲಕ್ಷದ ಎಂಬತ್ತು ಸಾವಿರ ಪೈಕೋಗ್ರೇ."

ನಾಗಲಕ್ಷ್ಮಮ್ಮ ಹೂವಿನ ಬುಟ್ಟಿಯನ್ನು ಬೆಂಚಿನಿಂದ ದೂರ ಹಿಡಿದರು.

"ಗಂಟೆಗಾ?" ನಾಗಲಕ್ಷ್ಮಮ್ಮ ಕೇಳಿದರು.

"ಗಂಟೆಗೆ."

"ನಾವು ಎರಡು ಗಂಟೆ ಕೂರ್ತೀವಲ್ಲಪ್ಪ."

"ಹಾಗಾದ್ರೆ ಮೂರು ಲಕ್ಷದ ಅರವತ್ತು ಸಾವಿರ."

ಮಂಡಿನೋವಿನಿಂದ ಬೆಂಚಿನಿಂದ ಏಳಲು ಯಾವಾಗಲೂ ಎರಡು ಕೈಗಳ ಆಸರೆ ಬೇಡುತ್ತಿದ್ದ ರೇವಣಸಿದ್ದಪ್ಪನವರು ಆ ದಿನ ಎದ್ದದ್ದು ಅವರ ಪಿ.ಟಿ. ಕಾಲದ ನೆನಪು ತರುವಂತಿತ್ತು. ಮೂವರೂ ರಸ್ತೆ ದಾಟಿದರು. ಗೌರೀಶಂಕರ ಒಳಗೆ ಬಂದು ಹೊದಿಕೆ ಎಳೆದುಕೊಂಡ. ತಾನು ಸುಳ್ಳೇನೂ ಹೇಳಿಲ್ಲ, ಎಲ್ಲ ಲೆಕ್ಕವೂ ಸರಿಯಾಗಿಯೇ ಇದೆ ಎಂದುಕೊಂಡ. ಎಷ್ಟೋ ತಿಂಗಳ ಮೇಲೆ ಆ ಕಿಟಕಿಯಿಂದ ಗಾಳಿ ಮಾತ್ರ ಬಂತು. ಅಷ್ಟು ಒಳ್ಳೆಯ ನಿದ್ದೆ ಮದುವೆಯಾದಂದಿನಿಂದ ಬಂದಿರಲಿಲ್ಲ.

ಎಚ್ಚರವಾದದ್ದು ಶಾಂತಾದೇವಿಯ ದನಿಗೆ. ಅವಳು ಗೇಟಿನ ಬಳಿ ನಿಂತು ರಸ್ತೆಯ ಆಚೆ ಬದಿಯಲ್ಲಿದ್ದ ಯಾರೊಡನೆಯೋ ಮಾತಾಡುತ್ತಿದ್ದಳು.

"ಯಾಕೆ ರೇಣುಕವ್ವ, ಅಲ್ಲೇ ನಿಂತೆ?"

ಮನೆಗೆಲಸದ ರೇಣುಕವ್ವ ಸೆರಗನ್ನು ಮೂಗಿಗೆ ಹಿಡಿದು ಎದುರುಮನೆಯ ಕಾಂಪೌಂಡಿಗೆ ಅಂಟಿಕೊಂಡಿದ್ದಳು. "ನಾ ಒಳಗ ಬರಂಗಿಲ್ರೀ ಅಕ್ಕಾರ. ನಿಮ್ಮ ಕಲ್ಲಿನಾಗ ಐದು ಲಕ್ಷ ಐತಂತ. ನಮ್ಮನ್ಯಾಗ ಸಣ್ಣ ಮಕ್ಕಳದಾವ್ರೀ."

"ಏನು ಐದು ಲಕ್ಷ?"

"ಅದು ಗೊತ್ತಿಲ್ರೀ. ಐದು ಲಕ್ಷ ಐತಿ ಅಂತ ಅಷ್ಟ ಹೇಳಿದ್ರು."

ಆ ದಿನ ಶಾಂತಾದೇವಿಯ ಪಾಲಿಗೆ ಸಾಮಾನ್ಯ ದಿನವಾಗಿರಲಿಲ್ಲ. ಅವಳು ಹನುಮಂತನಗರದ ಶ್ರೀದೇವಿ ಮೇಡಂ ಹತ್ತಿರ ವಚನ ಗಾಯನ ಕಲಿಯುತ್ತಿದ್ದಳು. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಎಲ್ಲರೂ ಸೇರಿ ಹಾಡುವುದು ಪದ್ಧತಿ. ವರ್ಷದಿಂದ ಕಾದ ಮೇಲೆ ಈ ಸಲ ಅವಳ ಸರದಿ ಬಂದಿತ್ತು. ಹಾಲ್‌ನ ಪರದೆಗಳು ಹೊಸದಾಗಿದ್ದವು. ನೆಂಟರ ಮದುವೆಗೆಂದು ಕೊಂಡ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆ ಬಾತಿಗೆ ಬೇಳೆ ಬೇಯುತ್ತಿತ್ತು. ಮೊದಲ ಸಲ ತನ್ನ ಮನೆಗೆ ಬರುವ ಮೇಡಂ ಮುಂದೆ ಒಂದು ಕುಂದೂ ಕಾಣಬಾರದೆಂದು ಅವಳು ಫ್ಯಾನಿನ ರೆಕ್ಕೆಗಳನ್ನು ಕೂಡ ಒರೆಸಿದ್ದಳು.

ಫೋನು ಬಡಿದುಕೊಂಡಿತು. ಸಂಜೆ ಹಾಡಲು ಬರಬೇಕಿದ್ದ ಒಬ್ಬಾಕೆಗೆ ಇದ್ದಕ್ಕಿದ್ದಂತೆ ತಲೆನೋವು. ಇನ್ನೊಬ್ಬಾಕೆಗೆ ಊರಿಂದ ನಾದಿನಿ ಬರುವವಳಿದ್ದಳು. ಮೂರನೆಯಾಕೆ ಮಾತ್ರ ನೇರ ಮನಸ್ಸಿನವಳು. "ಬೇಜಾರು ಮಾಡ್ಕೋಬೇಡಿ ಶಾಂತಾ. ನಮ್ಮನೆಯವರು ಬೇಡ ಅಂದ್ರು. ಎಂಟು ಲಕ್ಷ ಅಂದ್ರೆ ಸಣ್ಣದಲ್ಲ."

ಶಾಂತಾದೇವಿ ಫೋನು ಕೆಳಗಿಟ್ಟು ಗಂಡನ ಎದುರು ಬಂದು ನಿಂತಳು. ಅವನು ಹಲ್ಲುಜ್ಜುತ್ತಿದ್ದ.

"ರೀ, ನಮ್ಮ ಬೆಂಚಿಗೆ ಏನೋ ಎಂಟು ಲಕ್ಷ ಅಂತೆ. ಅದನ್ನ ಕಂಡುಹಿಡಿದೋರು ನೀವೇ ಅಂತೆ."

ಗೌರೀಶಂಕರ ಬಾಯಲ್ಲಿ ನೊರೆ ತುಂಬಿಕೊಂಡು ಯೋಚಿಸಿದ. ಉಗುಳಿ ಬಾಯಿ ಮುಕ್ಕಳಿಸಿದ. ನಡೆದದ್ದನ್ನು ನಡೆದ ಹಾಗೆ ಹೇಳಿದ. ಅದು ಎಂಟು ಲಕ್ಷವಲ್ಲ, ಒಂದು ಲಕ್ಷದ ಎಂಬತ್ತು ಸಾವಿರ. ಅದೂ ನಿಜವಾಗಿ ನೋಡಿದರೆ ಸೊನ್ನೆ ಪಾಯಿಂಟ್ ಒಂದು ಎಂಟು ಎಂದು ವಿವರಿಸಿದ.

ಶಾಂತಾದೇವಿ ಕೋಪ ಬಂದಾಗ ಕೂಗಾಡುವವಳಲ್ಲ, ಮರ್ಯಾದೆ ಹೆಚ್ಚು ಮಾಡುವವಳು. "ದಯವಿಟ್ಟು ಆ ಲಕ್ಷಾನ ಸಂಜೆಯೊಳಗೆ ಕಮ್ಮಿ ಮಾಡಿಕೊಡಿ," ಎಂದಳು. "ತಾವು ಅದನ್ನ ಹೇಗೆ ಮಾಡ್ತೀರೋ ತಮಗೆ ಬಿಟ್ಟಿದ್ದು. ಅಲ್ಲಿಯವರೆಗೆ ರೇಣುಕವ್ವನ ಪಾತ್ರೆಗಳು ಹಿತ್ತಲಲ್ಲಿ ತಮ್ಮನ್ನ ಕಾಯ್ತಾ ಇರ್ತವೆ."

ಆ 'ತಾವು' ಕೇಳಿದ್ದೇ ಅವನು ನೇರ ಹಿತ್ತಲಿಗೆ ನಡೆದ.

ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಮೀಟರ್ ಹಿಡಿದು ಹೊರಗೆ ಬಂದರೆ ರಸ್ತೆಯ ಆಚೆ ಬದಿಯಲ್ಲಿ ಜನ ಸೇರಿದ್ದರು. ಬೆಂಚಿನ ಸುತ್ತ ಕುರ್ಚಿಗಳನ್ನಿಟ್ಟು ಕೆಂಪು ರಿಬ್ಬನ್ ಕಟ್ಟಲಾಗಿತ್ತು. ರಿಬ್ಬನ್ನಿನ ಇನ್ನೊಂದು ತುದಿ ಬಸವಪ್ರಸಾದನ ಕೈಯಲ್ಲಿತ್ತು. ಬಸವಪ್ರಸಾದ್ ಎಂದರೆ ಆ ರಸ್ತೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಕಸದ ಗಾಡಿ ತಡವಾಗುವುದನ್ನು ಬಿಟ್ಟರೆ ಆ ರಸ್ತೆಯಲ್ಲಿ ಏನೂ ನಡೆಯುವುದಿಲ್ಲವಲ್ಲ ಎಂಬ ಕೊರಗು ಅವನಿಗೆ ಬಹಳ ದಿನಗಳಿಂದ ಇತ್ತು.

"ಸಾರ್, ನೀವು ಗಾಬರಿ ಆಗ್ಬೇಡಿ, ಸಂಘ ನಿಮ್ಮ ಜೊತೆ ಇದೆ," ಎಂದ ಅವನು.

"ಗಾಬರಿ ಪಡೋಕೆ ಏನೂ ಇಲ್ಲ ಬಸವಪ್ರಸಾದ್. ಅದನ್ನೇ ಹೇಳೋಕೆ ಬಂದೆ." ಗೌರೀಶಂಕರ ಎಲ್ಲರಿಗೂ ಕೇಳುವಂತೆ ದನಿ ಏರಿಸಿದ. "ಬೆಳಗ್ಗೆ ನಾನು ಪೈಕೋಗ್ರೇಲಿ ಹೇಳ್ದೆ. ಅದನ್ನ ಮಿಲಿಗ್ರೇಗೆ ಬದಲಾಯಿಸಿದ್ರೆ ಗಂಟೆಗೆ ಬರೀ ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ ಒಂದು ಎಂಟು."

ಜನ ಸಮಾಧಾನಗೊಳ್ಳುವರೆಂದು ಕಾದ. ಸೇತುರಾಮ್ ಕಿವಿಯ ಹಿಂದೆ ಕೈಯಿಟ್ಟುಕೊಂಡು ಮುಂದೆ ಬಂದರು.

"ಬೆಳಗ್ಗೆ ಒಂದು ಲಕ್ಷದ ಎಂಬತ್ತು ಸಾವಿರ ಇತ್ತು, ಅಲ್ವೇ?"

"ಹೌದು ಸಾರ್."

"ಈಗ ಸೊನ್ನೆ ಪಾಯಿಂಟ್ ಚಿಲ್ಲರೆ."

"ಹೌದು."

"ಮಿಕ್ಕಿದ್ದು ಎಲ್ಲಿಗೆ ಹೋಯ್ತು?"

ಗೌರೀಶಂಕರ ಬಾಯಿ ತೆರೆದ. ಆದರೆ ಅಷ್ಟರಲ್ಲಿ ಪ್ರಶ್ನೆ ಗುಂಪಿನೊಳಗೆ ಹೊಕ್ಕಾಗಿತ್ತು. ಗಾಳಿ ಬೆಳಗಿನಿಂದ ಪಶ್ಚಿಮಕ್ಕೆ ಬೀಸುತ್ತಿದೆ ಎಂದು ಯಾರೋ ಹೇಳಿದರು. ಪಶ್ಚಿಮಕ್ಕಿದ್ದದ್ದು ನಾಗಲಕ್ಷ್ಮಮ್ಮನ ಮನೆ. ಅವರು ಓಡಿಹೋಗಿ ಒಣಹಾಕಿದ್ದ ಹಪ್ಪಳ ಒಳಗಿಟ್ಟು ಬಂದರು.

"ಆಂಟಿ, ಅದು ಎಲ್ಲಿಗೂ ಹೋಗಿಲ್ಲ," ಎಂದ ಗೌರೀಶಂಕರ. "ಒಂದು ಕೆಜಿ ಬೇಳೆ ಅಂದ್ರೂ ಅಷ್ಟೇ, ಸಾವಿರ ಗ್ರಾಂ ಅಂದ್ರೂ ಅಷ್ಟೇ. ಬೇಳೆ ಜಾಸ್ತಿ ಆಗುತ್ತಾ?"

"ಬೇಳೆ ಕಣ್ಣಿಗೆ ಕಾಣಿಸುತ್ತಪ್ಪ. ಇದು ಕಾಣಿಸಲ್ಲ. ಕಾಣಿಸದೇ ಇರೋದನ್ನ ನೀನು ಬೆಳಗ್ಗೆ ಒಂದು ಹೇಳ್ತೀಯ, ಮಧ್ಯಾಹ್ನ ಒಂದು ಹೇಳ್ತೀಯ."

ಕೊನೆಗೆ ಅವನು ಮಾನ ಬಿಟ್ಟು ನಿಜ ಹೇಳಿದ. "ನೋಡಿ, ನನಗೆ ಬೆಳಗ್ಗೆ ನಿದ್ದೆ ಮಾಡ್ಬೇಕಿತ್ತು. ನೀವು ಎದ್ದುಹೋಗ್ಲಿ ಅಂತ ಬೇಕಂತಲೇ ದೊಡ್ಡ ನಂಬರ್ ಬರೋ ಹಾಗೆ ಹೇಳ್ದೆ. ತಪ್ಪಾಯ್ತು."

ರೇವಣಸಿದ್ದಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟು ಸುತ್ತಲಿನವರ ಕಡೆ ತಿರುಗಿದರು. "ಪಾಪ, ಮನೇಲಿ ಸಂಜೆ ಕಾರ್ಯಕ್ರಮ ಇದೆ. ನಮ್ಮ ಶಾಂತಾ ಹೀಗೆ ಹೇಳು ಅಂತ ಕಳಿಸಿದಾಳೆ. ಗೌರೀಶಂಕರ ಅಂಥೋನಲ್ಲ. ಹಿರಿಯರನ್ನ ಬೆಂಚಿಂದ ಎಬ್ಬಿಸೋ ಬುದ್ಧಿ ಅವನಿಗೆಲ್ಲಿಂದ ಬರಬೇಕು?"

ಎಲ್ಲರೂ ಕನಿಕರದಿಂದ ತಲೆಯಾಡಿಸಿದರು. ಗೌರೀಶಂಕರ ತನ್ನ ಒಳ್ಳೆಯ ಹೆಸರಿನ ಕೈಯಲ್ಲಿ ಸಿಕ್ಕಿಬಿದ್ದಿದ್ದ.

ಬಸವಪ್ರಸಾದ್ ದಾರಿ ತೋರಿಸಿದ. "ಸಾರ್, ಹೀಗ್ ಮಾಡೋಣ. ಎಲ್ಲರ ಮನೇನೂ ಅಳೀರಿ. ಅಷ್ಟೂ ಒಂದೇ ಲೆಕ್ಕದಲ್ಲಿ. ನಾನು ಒಂದೊಂದಾಗಿ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕ್ತಾ ಹೋಗ್ತೀನಿ. ಆಗ ಗಾಳೀಲಿ ಯಾರ ಮನೆಗೆ ಎಷ್ಟು ಹೋಯ್ತು ಅಂತ ಗೊತ್ತಾಗುತ್ತೆ."

ಯಾವ ಲೆಕ್ಕದಲ್ಲಿ ಎಂಬ ವಿಷಯಕ್ಕೆ ಅಲ್ಲೇ ಸಭೆ ನಡೆಯಿತು. ಪಾಯಿಂಟ್ ಇರುವ ಸಂಖ್ಯೆ ಬೇಡವೇ ಬೇಡ ಎಂದರು ಸೇತುರಾಮ್. ಲಕ್ಷದ ಮಾತು ತಮ್ಮ ಮನೆಯೊಳಗೆ ಬರಕೂಡದು ಎಂದರು ನಾಗಲಕ್ಷ್ಮಮ್ಮ. ಕೊನೆಗೆ ನ್ಯಾನೋಗ್ರೇ ಒಪ್ಪಿಗೆಯಾಯಿತು. ನೂರು, ನೂರೈವತ್ತು ಎಂದು ಶುಗರ್ ಥರ ಬರುವುದರಿಂದ ಎಲ್ಲರಿಗೂ ಅರ್ಥವಾಗುತ್ತದೆ ಎಂಬುದು ಕಾರಣ.

ಮೊದಲು ನಾಗಲಕ್ಷ್ಮಮ್ಮನ ಅಡುಗೆಮನೆ. ಹೋದ ವರ್ಷ ನೆಲದಿಂದ ಸೂರಿನ ತನಕ ಗ್ರಾನೈಟ್ ಹಾಕಿಸಿ, ನೋಡಲು ಬಂದವರಿಗೆಲ್ಲ ಚಪ್ಪಲಿ ದೂರ ಬಿಡಿಸಿದ್ದರು. ಗೌರೀಶಂಕರ ಮೀಟರ್ ಇಟ್ಟ. ಅದು ಯೋಚಿಸಿ ಇನ್ನೂರ ಹತ್ತು ಎಂದಿತು.

"ಬೆಂಚಿಗಿಂತ ಮೂವತ್ತು ಜಾಸ್ತಿ," ಎಂದ ಬಸವಪ್ರಸಾದ್, ಟೈಪ್ ಮಾಡುತ್ತ.

ನಾಗಲಕ್ಷ್ಮಮ್ಮನ ಮುಖ ಫೇಲಾದ ಮಗನ ಅಂಕಪಟ್ಟಿ ನೋಡಿದಂತಾಯಿತು. "ಮಿಷಿನ್ ಇಟ್ಟಿರೋದು ಸರಿಯಾಗಿಲ್ಲ. ಆ ಮೂಲೇಲಿ ಇಟ್ಟು ನೋಡು." ಆ ಮೂಲೆಯಲ್ಲಿ ಇನ್ನೂರ ಹದಿನೈದು ಬಂತು. ಅಳೆಯುವುದು ಸಾಕು ಎಂದು ಅವರೇ ನಿಲ್ಲಿಸಿದರು.

ಸೇತುರಾಮರ ದೇವರಮನೆ ನೂರ ಅರವತ್ತು. ರೇವಣಸಿದ್ದಪ್ಪನವರ ಪಡಸಾಲೆ ನೂರ ಐವತ್ತು. ಮೂಲೆಮನೆಯವರದು ನೂರ ಎಪ್ಪತ್ತು. ಯಾರ ಮನೆಗೆ ಹೋದರೂ ಬೆಂಚಿನ ಅಕ್ಕತಂಗಿಯರೇ. ಗೌರೀಶಂಕರ ಮನೆಮನೆಗೂ ಅದೇ ಪಾಠ ಒಪ್ಪಿಸಿದ. ಕಲ್ಲಿನಲ್ಲಿ, ಇಟ್ಟಿಗೆಯಲ್ಲಿ, ಮಣ್ಣಿನಲ್ಲಿ ಇಷ್ಟು ಮೊದಲಿಂದಲೂ ಇರುತ್ತದೆ. ಇದೆಲ್ಲ ತೀರಾ ಕಡಿಮೆ. ನಮ್ಮ ತಾತ ಮುತ್ತಾತಂದಿರೂ ಇದರಲ್ಲೇ ಬಾಳಿದ್ದು. ಮೂಲೆಮನೆ ಮುಗಿಯುವ ಹೊತ್ತಿಗೆ ಜನರ ಭಯ ಇಳಿದು ಅದರ ಜಾಗದಲ್ಲಿ ಕುತೂಹಲ ಬಂದಿತ್ತು. ನಿಮ್ಮದು ಎಷ್ಟು, ನಮ್ಮದು ಎಷ್ಟು ಎಂದು ಫಲಿತಾಂಶದ ದಿನದ ಮಕ್ಕಳಂತೆ ವಿಚಾರಿಸಿಕೊಳ್ಳತೊಡಗಿದರು.

ಕೊನೆಗೆ ಗೌರೀಶಂಕರನ ಹಾಲ್. ಅಡುಗೆಮನೆಯ ಕಟ್ಟೆಯೊಂದನ್ನು ಬಿಟ್ಟರೆ ಆ ಮನೆಗೆ ಗ್ರಾನೈಟ್ ಬಂದಿರಲಿಲ್ಲ. ಹಾಲ್‌ಗೆ ಇದ್ದದ್ದು ಹಳೆಯ ಕೆಂಪು ಗಾರೆ ನೆಲ. ಅದನ್ನು ತೆಗೆಸಿ ಹೊಸದು ಹಾಕಿಸಿಲ್ಲವೆಂದು ಶಾಂತಾದೇವಿಗೆ ಬೇಸರವಿತ್ತು. ಗೌರೀಶಂಕರ ಮೀಟರನ್ನು ನೆಲದ ನಡುವೆ ಇಟ್ಟ.

ತೊಂಬತ್ತು.

ಅವನಿಗೆ ನಂಬಿಕೆ ಬರಲಿಲ್ಲ. ಕಿಟಕಿಯ ಬಳಿ ಇಟ್ಟ, ಬಾಗಿಲ ಬಳಿ ಇಟ್ಟ. ತೊಂಬತ್ತೆರಡು, ಎಂಬತ್ತೆಂಟು. ಅವನ ಎದೆಯ ಮೇಲಿಂದ ರುಬ್ಬುಗುಂಡು ಇಳಿದ ಹಾಗಾಯಿತು.

"ಇಡೀ ರಸ್ತೆಗೇ ಕಡಿಮೆ," ಎಂದ. ಬಸವಪ್ರಸಾದನಿಗೆ ಕೇಳಲಿ ಎಂದು ಮತ್ತೆ ಹೇಳಿದ. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳಲಿ ಎಂದು ಇನ್ನೊಂದು ಸಲ ಹೇಳಿದ. "ಈ ರಸ್ತೇಲಿ ಕೂತ್ಕೊಳ್ಳೋಕೆ ನಮ್ಮ ಹಾಲ್‌ಗಿಂತ ಒಳ್ಳೇ ಜಾಗ ಇಲ್ಲ ಅಂತ ಹಾಕಿ ಗ್ರೂಪಿಗೆ."

ಬಸವಪ್ರಸಾದ್ ಹಾಗೆಯೇ ಹಾಕಿದ.

ಸುದ್ದಿ ಗ್ರೂಪಿನಿಂದ ಗ್ರೂಪಿಗೆ ಹಾರಿ, ಅರ್ಧ ಗಂಟೆಯಲ್ಲಿ ಶಾಂತಾದೇವಿಯ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಒಬ್ಬಾಕೆಯ ತಲೆನೋವು ವಾಸಿಯಾಗಿತ್ತು. ಊರಿಂದ ಬರುವ ನಾದಿನಿ ಬಸ್ಸು ತಪ್ಪಿಸಿಕೊಂಡಿದ್ದಳು. ನೇರ ಮನಸ್ಸಿನಾಕೆ ತನ್ನ ಗಂಡನನ್ನೂ ಕರೆತರಬಹುದೇ ಎಂದು ಕೇಳಿದಳು. ರೇಣುಕವ್ವ ಕೂಡ ಮೂಗಿನಿಂದ ಸೆರಗು ತೆಗೆದು ಗೇಟಿನ ತನಕ ಬಂದಳು. ಪಾತ್ರೆಗಳೆಲ್ಲ ತೊಳೆದಾಗಿವೆ ಎಂದು ಖಚಿತ ಮಾಡಿಕೊಂಡು ಒಳಗೆ ಕಾಲಿಟ್ಟಳು.

ಶಾಂತಾದೇವಿ ಗಂಡನಿಗೆ ಒಂದು ಲೋಟ ಕಾಫಿ ತಂದುಕೊಟ್ಟಳು. "ತಗೊಳ್ರೀ," ಎಂದಳು. 'ತಾವು' ಎನ್ನಲಿಲ್ಲ. ಗೌರೀಶಂಕರನಿಗೆ ಕಾಫಿಗಿಂತ ಅದೇ ಹಿತವಾಯಿತು.

ಬೆಂಚಿನ ತೀರ್ಮಾನ ಮಾತ್ರ ಬಾಕಿಯಿತ್ತು. ನಾಗಲಕ್ಷ್ಮಮ್ಮನ ಅಡುಗೆಮನೆಗಿಂತ ಅದು ಕಡಿಮೆ ಎಂದು ಗೊತ್ತಾದ ಮೇಲೂ ಬಸವಪ್ರಸಾದ್ ರಿಬ್ಬನ್ ಬಿಚ್ಚಲು ಒಪ್ಪಲಿಲ್ಲ. "ಮನೆಯೊಳಗೆ ಅವರವರ ಇಷ್ಟ ಸಾರ್. ರಸ್ತೆ ಅಂದ್ರೆ ಸಂಘದ ಜವಾಬ್ದಾರಿ. ಇವತ್ತೇ ತೆಗೆಸಿಬಿಡ್ತೀನಿ."

"ಎಲ್ಲಿಗೆ ಕಳಿಸ್ತೀರಿ?"

"ತಲಘಟ್ಟಪುರಕ್ಕೆ. ನಮ್ಮ ಭಾಮೈದ ಮನೆ ಕಟ್ಟಿಸ್ತಾ ಇದಾನೆ. ಮುಂದೆ ಹಾಕೋಕೆ ಅವನಿಗೆ ಇಂಥದ್ದೇ ಒಂದು ಚಪ್ಪಡಿ ಬೇಕಿತ್ತು."

"ಅಲ್ಲಿ ರೇಡಿಯೇಶನ್ ಪರವಾಗಿಲ್ವಾ?"

"ಅಲ್ಲಿ ಜಾಗ ಓಪನ್ ಆಗಿದೆ ಸಾರ್. ಹರಡ್ಕೊಳ್ಳುತ್ತೆ."

ಗೌರೀಶಂಕರ ಕೂಡಲೇ ಒಪ್ಪಿದ. ಬೆಂಚು ತಾನಾಗಿ ಹೊರಟು ನಿಂತಿದೆ, ತನ್ನ ಹೆಸರಿಗೆ ಒಂದು ಕಲೆಯೂ ಇಲ್ಲ, ಮಾವನ ಮುಂದೆ ಮಾತು ಕೆಟ್ಟಿಲ್ಲ. ಲಗೇಜ್ ಆಟೋ ಬಂದಾಗ ಅವನು ಲುಂಗಿ ಎತ್ತಿ ಕಟ್ಟಿ ತಾನೂ ಒಂದು ಕಡೆ ಕೈಕೊಟ್ಟ. ಚಪ್ಪಡಿಯ ಮೂಲೆ ಹೆಬ್ಬೆರಳಿಗೆ ತಗುಲಿತು, ನೋವೇ ಆಗಲಿಲ್ಲ. ಆಟೋ ತಿರುವಿನಲ್ಲಿ ಮರೆಯಾಗುವ ತನಕ, ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯಂತೆ ರಸ್ತೆಯಲ್ಲಿ ನಿಂತಿದ್ದ. ವ್ಯತ್ಯಾಸವೆಂದರೆ ಅವನು ನಗುತ್ತಿದ್ದ.

ಸಂಜೆ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬರಬೇಕಾದವರೆಲ್ಲ ಬಂದರು, ಕರೆಯದವರೂ ಬಂದರು. ಶ್ರೀದೇವಿ ಮೇಡಂ ಚಾಪೆ ಬೇಡವೆಂದು ಕೆಂಪು ನೆಲದ ಮೇಲೇ ಕೂತು ಶ್ರುತಿಪೆಟ್ಟಿಗೆ ಹಚ್ಚಿದರು. ಶಾಂತಾದೇವಿ ಒಬ್ಬಳೇ ಹಾಡಿದ ವಚನಕ್ಕೆ ಮೇಡಂ ಕಣ್ಣು ಮುಚ್ಚಿ ತಲೆದೂಗಿದರು. ಮುಗಿದ ಮೇಲೆ ನೆಲವನ್ನು ಕೈಯಿಂದ ಸವರಿ, "ಇದನ್ನ ಮಾತ್ರ ತೆಗೆಸಬೇಡಿ ಶಾಂತಾ, ಈಗ ಇಂಥದ್ದು ಎಲ್ಲಿ ಸಿಗುತ್ತೆ," ಎಂದರು. ಶಾಂತಾದೇವಿ ಆ ನೆಲವನ್ನು ತಾನೇ ಗಾರೆ ಕಲಸಿ ಹಾಕಿದವಳಂತೆ ನಾಚಿದಳು. ಬಿಸಿಬೇಳೆ ಬಾತು ತಳದ ಸೀಕಲಿನ ತನಕ ಖರ್ಚಾಯಿತು. ಬಾಗಿಲಿಗೆ ಒರಗಿ ನಿಂತ ಗೌರೀಶಂಕರ ನಾಳೆಯ ಭಾನುವಾರವನ್ನು ನೆನೆದ. ಬೆಂಚಿಲ್ಲದ ಬೆಳಗು, ಬರೀ ಗಾಳಿ ಬರುವ ಕಿಟಕಿ. ಕಣ್ಣು ಈಗಲೇ ಎಳೆಯುತ್ತಿತ್ತು.

ಹೆಂಗಸರು ಒಬ್ಬೊಬ್ಬರಾಗಿ ಹೊರಟರು. ಮೂವರು ಹೊರಡಲಿಲ್ಲ. ರೇವಣಸಿದ್ದಪ್ಪನವರು ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ, ಅಂಗಾಲನ್ನು ನೆಲಕ್ಕೆ ಒತ್ತಿ ಕೂತಿದ್ದರು. ಪಕ್ಕದಲ್ಲಿ ಸೇತುರಾಮ್. ದಿವಾನದ ಮೇಲೆ ನಾಗಲಕ್ಷ್ಮಮ್ಮ.

"ತಂಪಾಗಿದೆ," ಎಂದರು ಮೇಷ್ಟರು. "ಮಂಡಿಗೆ ಹಿತವಾಗಿದೆ. ಶಾಂತಾ, ನಿನ್ನ ಹತ್ರ ಒಂದು ಮಾತು. ಬೆಂಚು ಹೋಯ್ತು. ಬೆಳಗ್ಗೆ ನಾವು ಮೂರು ಜನ ಎಲ್ಲಿ ಕೂತ್ಕೋಬೇಕು?"

ಗೌರೀಶಂಕರನ ನಿದ್ದೆ ಹಾರಿತು.

"ನಮ್ಮನೇಲಿ ನೂರ ಅರವತ್ತು," ಎಂದರು ಸೇತುರಾಮ್.

"ನಮ್ಮದಂತೂ ಕೇಳಲೇಬೇಡಿ," ಎಂದರು ನಾಗಲಕ್ಷ್ಮಮ್ಮ.

"ಅಳಿಯಂದ್ರೇ ಗ್ರೂಪಲ್ಲಿ ಹಾಕ್ಸಿದಾರೆ, ಈ ರಸ್ತೇಲಿ ಕೂರೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ ಅಂತ. ಬಾಯಿಬಿಟ್ಟು ಕರೀಲಿಲ್ಲ, ಅಷ್ಟೇ. 'ಹಿರಿಯರೇ, ಬಂದು ನಮ್ಮಲ್ಲಿ ಕೂತ್ಕೊಳ್ಳಿ' ಅನ್ನೋದು ಅದರ ಅರ್ಥ ಅಂತ ನನಗೆ ಆಗಲೇ ಗೊತ್ತಾಯ್ತು."

"ಮಾವ, ತೊಂಬತ್ತು ಅಂದ್ರೂ ಅದು ಕಮ್ಮಿ ಏನಲ್ಲ," ಎಂದ ಗೌರೀಶಂಕರ ಆತುರದಿಂದ. "ಪೈಕೋಗ್ರೇಲಿ ನೋಡಿದ್ರೆ ತೊಂಬತ್ತು ಸಾವಿರ ಆಗುತ್ತೆ."

"ಗೊತ್ತು ಗೊತ್ತು. ಬೆಂಚಿನದಕ್ಕೆ ಸರಿಯಾಗಿ ಅರ್ಧ," ಎಂದರು ಸೇತುರಾಮ್. "ಮಧ್ಯಾಹ್ನವೆಲ್ಲ ನಿಮ್ಮ ಹಿಂದೆ ಓಡಾಡಿ ಈಗ ನಮಗೂ ಲೆಕ್ಕ ಬಂದುಬಿಟ್ಟಿದೆ."

ಗೌರೀಶಂಕರ ಹೆಂಡತಿಯ ಕಡೆ ನೋಡಿದ. ಆದರೆ ಮೇಡಂ ಹೊಗಳಿಕೆಯ ಅಮಲಿನಲ್ಲಿದ್ದ ಶಾಂತಾದೇವಿ ಆ ಹೊತ್ತಿನಲ್ಲಿ ಯಾರಿಗೂ ಯಾವುದಕ್ಕೂ ಇಲ್ಲ ಎನ್ನುವ ಸ್ಥಿತಿಯಲ್ಲಿರಲಿಲ್ಲ. "ಇದನ್ನ ಕೇಳ್ಬೇಕಾ ದೊಡ್ಡಪ್ಪ? ಇದು ನಿಮ್ಮನೇನೇ. ಬನ್ನಿ, ಕಾಫಿ ಇಲ್ಲೇ ಕುಡಿದ್ರಾಯ್ತು. ಐದೂವರೆ ಹೊತ್ತಿಗೆ ನಾನು ಸ್ನಾನಕ್ಕೆ ಹೋಗಿರ್ತೀನಿ, ಬಾಗಿಲು ಇವರು ತೆಗೀತಾರೆ."

ಹಾಲ್‌ಗೂ ಮಲಗುವ ಕೋಣೆಗೂ ನಡುವೆ ಬಾಗಿಲಿರಲಿಲ್ಲ. ಹೊಸ ಪರದೆಯೊಂದು ಇತ್ತು. ಬಹಳ ತೆಳ್ಳಗಿನ ಬಟ್ಟೆ.

"ಛೇ ಛೇ, ಅವನನ್ನ ಯಾಕೆ ಎಬ್ಬಿಸ್ತೀಯ?" ಎಂದರು ರೇವಣಸಿದ್ದಪ್ಪನವರು. ಅವರ ಮನಸ್ಸಿನಲ್ಲಿ ಕಲ್ಮಶವೇ ಇರಲಿಲ್ಲ. "ಅಳಿಯಂದ್ರು ನಮ್ಮ ಆರೋಗ್ಯಕ್ಕೋಸ್ಕರ ಇವತ್ತು ಎಷ್ಟು ಒದ್ದಾಡಿದಾರೆ. ಬೆಳಗ್ಗೆ ಹೊತ್ತು ಅವರ ನಿದ್ದೆ ಕೆಡಿಸೋದು ನಮಗೆ ಇಷ್ಟ ಇಲ್ಲ. ಒಂದು ಬೀಗದಕೈ ನನ್ನ ಹತ್ರ ಇರ್ಲಿ. ಸದ್ದು ಮಾಡದೆ ನಾವೇ ಬಾಗಿಲು ತಕ್ಕೊಂಡು ಒಳಗೆ ಬಂದು, ನಮ್ಮ ಪಾಡಿಗೆ ಮಾತಾಡ್ಕೊಂಡು ಕೂತಿರ್ತೀವಿ."

"ಏನು?" ಎಂದರು ಸೇತುರಾಮ್.

ರೇವಣಸಿದ್ದಪ್ಪನವರು ಅದನ್ನು ಅವರ ಕಿವಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದರು. ಹೊಸ ಪರದೆ ಅಲುಗಾಡಿತು. ಎದ್ದು ಬಾಗಿಲು ತೆಗೆಯುವುದಾದರೂ ತಪ್ಪಿತಲ್ಲ ಎಂದು ಸಮಾಧಾನ ತಂದುಕೊಂಡು, ಗೌರೀಶಂಕರ ಬೀಗದಕೈ ಹುಡುಕಲು ಒಳಗೆ ಹೋದ.